ನೀರುದೋಸೆಗೆ ಆ್ಯಪ್ ಹೇಳುವ ಸಕ್ಕರೆಯ ಅಂಕಿಯನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಪ್ರಶ್ನೆ (ಡೊಂಬಿವಲಿ ವಾಸಿ)

ಎಲ್ಲರಿಗೂ ನಮಸ್ಕಾರ. ನನಗೆ ಐವತ್ತೆರಡು ವರ್ಷ. ಎಂಟು ತಿಂಗಳ ಹಿಂದೆ ಕಚೇರಿಯ ವಾರ್ಷಿಕ ತಪಾಸಣೆಯಲ್ಲಿ ಟೈಪ್ 2 ಮಧುಮೇಹ ಇರುವುದು ತಿಳಿಯಿತು. ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ, ಆಗ 8.4 ಇದ್ದ ಎಚ್‌ಬಿಎ1ಸಿ ಈಗ 7.3ಕ್ಕೆ ಇಳಿದಿದೆ. ಬೆಳಿಗ್ಗೆ ಒಂದು ಗ್ಲಿಮೆಪಿರೈಡ್, ಎರಡು ಹೊತ್ತು ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತೇನೆ.

ಒಂದು ತಿಂಗಳಿಂದ ಮೊಬೈಲಿನಲ್ಲಿ ಒಂದು ಆ್ಯಪ್ ಬಳಸುತ್ತಿದ್ದೇನೆ. ತಟ್ಟೆಯ ಫೋಟೋ ತೆಗೆದು, ಏನು ತಿನ್ನುತ್ತಿದ್ದೇನೆ ಎಂಬುದನ್ನು ಪಟ್ಟಿಯಿಂದ ಆರಿಸಿ, ಗ್ಲುಕೋಮೀಟರಿನಲ್ಲಿ ಬಂದ ಊಟಕ್ಕೆ ಮುಂಚಿನ ಅಂಕಿಯನ್ನು ತುಂಬಿದರೆ, ಮುಂದಿನ ಕೆಲವು ಗಂಟೆಗಳಲ್ಲಿ ರಕ್ತದ ಸಕ್ಕರೆ ಎಷ್ಟಕ್ಕೆ ಏರುತ್ತದೆ ಎಂದು ಅದು ಒಂದು ಗೆರೆ ಎಳೆದು ತೋರಿಸುತ್ತದೆ. ಮೊದಲ ವಾರ ನನಗೆ ಇದು ದೊಡ್ಡ ಆಸರೆಯಂತೆ ಕಂಡಿತು. ಆನಂತರ ಹೊಂದಾಣಿಕೆಯಾಗದ ಅಂಕಿಗಳು ಕಾಣತೊಡಗಿದವು.

ನಮ್ಮ ಮನೆಯವರು ಕುಂದಾಪುರದ ಕಡೆಯವರು, ಹಾಗಾಗಿ ವಾರಕ್ಕೆ ಎರಡು ಸಲವಾದರೂ ನೀರುದೋಸೆ ಇರುತ್ತದೆ. ಕಳೆದ ಭಾನುವಾರ ನಾಲ್ಕು ನೀರುದೋಸೆಯನ್ನು ಚಟ್ನಿ ಮತ್ತು ಸ್ವಲ್ಪ ಕಾಯಿಬೆಲ್ಲದ ಜೊತೆಗೆ ತಿಂದೆ. ಸಕ್ಕರೆ ಗರಿಷ್ಠ 168ಕ್ಕೆ ಹೋಗುತ್ತದೆ ಎಂದು ಆ್ಯಪ್ ಹೇಳಿತ್ತು. ಎರಡು ಗಂಟೆಯ ನಂತರ ಬೆರಳು ಚುಚ್ಚಿ ನೋಡಿದರೆ 212 ಇತ್ತು. ಮರುದಿನ ಮಾಟುಂಗದ ಹೋಟೆಲಿನಲ್ಲಿ ಎರಡು ಇಡ್ಲಿ, ಸಾಂಬಾರ್ ತಿಂದಾಗ ಗರಿಷ್ಠ 190 ಎಂದಿತು; ಎರಡು ಗಂಟೆಯ ನಂತರ ಬಂದದ್ದು 171. ಒಂದು ಕಡೆ ಕಡಿಮೆ, ಇನ್ನೊಂದು ಕಡೆ ಹೆಚ್ಚು. ತಪ್ಪು ಆ್ಯಪಿನದೋ, ಮೀಟರಿನದೋ ಅಥವಾ ನಾನು ತುಂಬುವ ರೀತಿಯದೋ?

ಇನ್ನೊಂದು ಮುಖ್ಯ ಪ್ರಶ್ನೆಯೂ ಇದೆ. ಹೊಟ್ಟೆ ಸರಿಯಿಲ್ಲವೆಂದು ಬೆಳಿಗ್ಗೆ ಬರೀ ಗಂಜಿತಿಳಿ ಕುಡಿದ ದಿನ ಸಕ್ಕರೆ 120 ದಾಟುವುದಿಲ್ಲ ಎಂದು ಆ್ಯಪ್ ತೋರಿಸುತ್ತದೆ. ಅಂಥ ದಿನ ಬೆಳಗಿನ ಮಾತ್ರೆಯನ್ನು ಬಿಡಬಹುದೇ? 7.12ರ ಲೋಕಲ್ ಹಿಡಿದು ಹೊರಟವನು ಮನೆ ಸೇರುವಾಗ ರಾತ್ರಿ ಎಂಟಾಗುತ್ತದೆ, ವೈದ್ಯರ ಭೇಟಿ ಮೂರು ತಿಂಗಳಿಗೊಮ್ಮೆ ಮಾತ್ರ. ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಪುಣೆ, ಕೋಥರೂಡ್)

ನಮಸ್ಕಾರ. ನಾನು ವೈದ್ಯನಲ್ಲ. ಪುಣೆಯ ಒಂದು ಸಾಫ್ಟ್‌ವೇರ್ ಸಂಸ್ಥೆಯಲ್ಲಿ ಮುನ್ಸೂಚನೆಯ ಮಾದರಿಗಳನ್ನು ಕಟ್ಟುವ ಕೆಲಸ ಮಾಡುತ್ತೇನೆ. ನನ್ನ ತಂದೆಗೆ ಹದಿನೈದು ವರ್ಷಗಳಿಂದ ಮಧುಮೇಹವಿರುವುದರಿಂದ ಈ ಬಗೆಯ ಆ್ಯಪ್‌ಗಳ ಒಳಗನ್ನು ಓದಿ ತಿಳಿಯುವ ಆಸಕ್ತಿ ಬೆಳೆಯಿತು.

ಮಾತ್ರೆಯ ಪ್ರಶ್ನೆಗೆ ಮೊದಲು ಉತ್ತರಿಸಿಬಿಡುತ್ತೇನೆ: ಆ್ಯಪಿನ ಗೆರೆಯನ್ನು ನೋಡಿ ಮಾತ್ರೆ ಬಿಡುವುದನ್ನಾಗಲಿ, ಹೆಚ್ಚಿಸುವುದನ್ನಾಗಲಿ ಮಾಡಬೇಡಿ. ಉಳಿದದ್ದನ್ನು ನಿಧಾನವಾಗಿ ಮಾತನಾಡೋಣ.

ಈ ಕ್ಷೇತ್ರದಲ್ಲಿ ನನಗೆ ಬಹಳ ಇಷ್ಟವಾದ ಕೆಲಸವೆಂದರೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಡೇವಿಡ್ ಆಲ್ಬರ್ಸ್, ಲೀನಾ ಮಮಿಕಿನಾ ಮತ್ತು ಅವರ ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನ. ಅದರ ಆಧಾರದ ಮೇಲೆ ಅವರು ರೂಪಿಸಿದ ಆ್ಯಪಿನ ಹೆಸರು ಗ್ಲುಕೋರಾಕಲ್. ದೇಹದಲ್ಲಿ ಸಕ್ಕರೆ ಮತ್ತು ಇನ್ಸುಲಿನ್ ಹೇಗೆ ಒಂದನ್ನೊಂದು ಏರಿಳಿಸುತ್ತವೆ ಎಂಬುದರ ಗಣಿತದ ಮಾದರಿಯೊಂದನ್ನು ಇಟ್ಟುಕೊಂಡು, ಅದಕ್ಕೆ ಡೇಟಾ ಅಸಿಮಿಲೇಷನ್ ಎಂಬ ವಿಧಾನವನ್ನು ಅವರು ಜೋಡಿಸಿದರು. ಹವಾಮಾನ ಇಲಾಖೆಗಳು ನಿತ್ಯ ಬಳಸುವ ವಿಧಾನವೇ ಇದು. ಮಾದರಿಯು ಮೊದಲು ಒಂದು ಅಂದಾಜು ಹೇಳುತ್ತದೆ. ನಿಜವಾದ ಅಳತೆ ಬಂದ ಮೇಲೆ ತಾನು ಎಷ್ಟು ತಪ್ಪಿದೆ ಎಂದು ನೋಡಿಕೊಂಡು, ಆ ವ್ಯಕ್ತಿಗೆ ತಕ್ಕಂತೆ ತನ್ನನ್ನು ತಿದ್ದಿಕೊಂಡು ಮುಂದಿನ ಅಂದಾಜಿಗೆ ಹೋಗುತ್ತದೆ. ಹೀಗೆ ಒಬ್ಬ ವ್ಯಕ್ತಿಗೆ ಹೊಂದಿಕೊಳ್ಳಲು ಅದಕ್ಕೆ ಸುಮಾರು ಒಂದು ವಾರದ ಅಳತೆಗಳು ಬೇಕಾಗಿದ್ದವು. ಆದರೆ ಪರೀಕ್ಷಿಸಿದ್ದು ಕೇವಲ ಐವರ ಮೇಲೆ: ಮೂವರಿಗೆ ಟೈಪ್ 2 ಮಧುಮೇಹವಿತ್ತು, ಇಬ್ಬರಿಗೆ ಇರಲಿಲ್ಲ. ಮಧುಮೇಹ ಇಲ್ಲದವರಲ್ಲಿ ಅಂದಾಜು ಹೆಚ್ಚು ನಿಖರವಾಗಿತ್ತು. ಇದ್ದವರಲ್ಲಿ ತುಸು ಕಡಿಮೆಯಾದರೂ, ಅನುಭವಿ ಮಧುಮೇಹ ಶಿಕ್ಷಕರು ಹೇಳಿದ ಅಂದಾಜಿಗೆ ಸರಿದೂಗುವಂತಿತ್ತು. ನಿಮ್ಮ ಆ್ಯಪ್ ಇದೇ ದಾರಿಯದು ಎಂದು ನಾನು ಹೇಳುತ್ತಿಲ್ಲ. ಆದರೆ ಅದು ನಿಮ್ಮ ಊಟದ ನಂತರದ ಅಳತೆಯನ್ನು ಪಡೆದು ತನ್ನನ್ನು ತಿದ್ದಿಕೊಳ್ಳುತ್ತದೆಯೇ ಎಂಬ ಒಂದೇ ವಿಷಯವನ್ನು ಮೊದಲು ನೋಡಿ. ತಿದ್ದಿಕೊಳ್ಳುವುದಿಲ್ಲವಾದರೆ ಅದು ನಿಮಗೆ ತೋರಿಸುತ್ತಿರುವುದು ಯಾರೋ ಸಾವಿರಾರು ಜನರ ಸರಾಸರಿಯನ್ನು.

ಸರಾಸರಿ ಏಕೆ ಸಾಲದು ಎಂಬುದು ಮುಂಬಯಿಯಲ್ಲಿ ಬೆಳೆದ ನಮಗೆ ಸುಲಭವಾಗಿ ಅರ್ಥವಾಗಬೇಕು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ಕೊಲಾಬಾದಲ್ಲಿ ಅದರ ಹತ್ತನೆಯ ಒಂದು ಪಾಲೂ ಬಿದ್ದಿರಲಿಲ್ಲ. ನಗರ ಒಂದೇ, ದಿನವೂ ಒಂದೇ. ಊಟದ ವಿಷಯದಲ್ಲಿಯೂ ಹೀಗೆಯೇ ಆಗುತ್ತದೆ ಎಂಬುದನ್ನು ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 2015ರಲ್ಲಿ ದೊಡ್ಡ ಪ್ರಮಾಣದಲ್ಲಿ ತೋರಿಸಿದರು. 800 ಜನರಿಗೆ ಸಕ್ಕರೆಯನ್ನು ಸತತವಾಗಿ ಅಳೆಯುವ ಸೆನ್ಸರನ್ನು ಒಂದು ವಾರ ಅಂಟಿಸಿ, 46,898 ಊಟತಿಂಡಿಗಳಿಗೆ ಅವರ ದೇಹ ಹೇಗೆ ಸ್ಪಂದಿಸಿತೆಂದು ದಾಖಲಿಸಿದಾಗ, ಒಂದೇ ಆಹಾರಕ್ಕೆ ಒಬ್ಬರ ಸಕ್ಕರೆ ಬಹಳ ಏರಿ ಇನ್ನೊಬ್ಬರದು ಅಷ್ಟಾಗಿ ಏರದಿರುವುದು ಕಂಡುಬಂತು. ಕರುಳಿನ ಸೂಕ್ಷ್ಮಾಣುಗಳು, ರಕ್ತ ಪರೀಕ್ಷೆ, ಜೀವನಕ್ರಮ ಮೊದಲಾದ ವಿವರಗಳನ್ನು ಸೇರಿಸಿದಾಗ ವ್ಯಕ್ತಿಗತ ಮುನ್ಸೂಚನೆ ಸುಧಾರಿಸಿತು. ಅವರ ತಟ್ಟೆಯಲ್ಲಿದ್ದದ್ದು ಮಾತ್ರ ನಮ್ಮ ನೀರುದೋಸೆಯಾಗಿರಲಿಲ್ಲ ಎಂಬುದನ್ನೂ ನೆನಪಿಡಬೇಕು.

ಇನ್ನು ಮೀಟರಿನ ಮಾತು. ಐಎಸ್‌ಒ 15197 ಎಂಬ 2013ರ ಮಾನದಂಡದ ಪ್ರಕಾರ, ಸಕ್ಕರೆ 100 ಮತ್ತು ಅದಕ್ಕಿಂತ ಹೆಚ್ಚಿರುವಾಗ ಮನೆಬಳಕೆಯ ಮೀಟರಿನ ಶೇಕಡಾ 95ರಷ್ಟು ಅಳತೆಗಳು ಪ್ರಯೋಗಾಲಯದ ಅಂಕಿಯಿಂದ ಶೇಕಡಾ 15ರ ಒಳಗಿದ್ದರೆ ಸಾಕು. ಎಂದರೆ ನಿಜವಾದ ಅಂಕಿ 180 ಇದ್ದಾಗ ಮೀಟರು 153ರಿಂದ 207ರವರೆಗೆ ಏನನ್ನು ತೋರಿಸಿದರೂ ಅದು ಒಳ್ಳೆಯ ಮೀಟರೇ. ಆದುದರಿಂದ ಆ್ಯಪಿಗೂ ಮೀಟರಿಗೂ ನಡುವೆ ಹದಿನೈದು ಇಪ್ಪತ್ತು ಅಂಕಿಗಳ ಅಂತರ ಬಂದರೆ ಯಾರದು ತಪ್ಪೆಂದು ಹುಡುಕುವುದರಲ್ಲಿ ಅರ್ಥವಿಲ್ಲ. ಒಂದೇ ಅಂಕಿಯನ್ನು ಖಚಿತವಾಗಿ ಹೇಳುವ ಆ್ಯಪಿಗಿಂತ, ಇಷ್ಟರಿಂದ ಇಷ್ಟರೊಳಗೆ ಎಂದು ವ್ಯಾಪ್ತಿಯನ್ನು ಹೇಳುವ ಆ್ಯಪ್ ಹೆಚ್ಚು ಪ್ರಾಮಾಣಿಕವೆಂದು ನಾನು ಭಾವಿಸುತ್ತೇನೆ. ನಿಮ್ಮ ನೀರುದೋಸೆಯ 44 ಅಂಕಿಗಳ ಅಂತರ ಮಾತ್ರ ದೊಡ್ಡದು; ಅದಕ್ಕೆ ಬೇರೆ ಕಾರಣವಿರಬೇಕು.

ಉತ್ತರ 2 (ಪುಣೆ, ಆಹಾರ ಸಲಹೆಗಾರ್ತಿ)

ಡೊಂಬಿವಲಿಯ ಸಹೋದರರಿಗೆ ನಮಸ್ಕಾರ. ನಿಮ್ಮ ಪ್ರಶ್ನೆಯಲ್ಲಿಯೇ ಒಂದು ಉತ್ತರ ಅಡಗಿದೆ. ಕಾಯಿಬೆಲ್ಲವನ್ನು ನೀವು ಆ್ಯಪಿನಲ್ಲಿ ತುಂಬಿದ್ದಿರಾ? ಫೋಟೋದಲ್ಲಿ ಚಟ್ನಿಯೂ ಕಾಯಿಬೆಲ್ಲವೂ ತೆಂಗಿನತುರಿಯ ಎರಡು ಗುಪ್ಪೆಗಳಂತೆ ಕಾಣುತ್ತವೆ. ಯಂತ್ರಕ್ಕೆ ಬೆಲ್ಲದ ಸಿಹಿ ಕಾಣುವುದಿಲ್ಲ. 20 ಗ್ರಾಂ ಬೆಲ್ಲವೆಂದರೆ ಸುಮಾರು 17 ಗ್ರಾಂ ಕಾರ್ಬೋಹೈಡ್ರೇಟ್, ಅದೂ ಬೇಗನೆ ರಕ್ತಕ್ಕೆ ಸೇರುವಂಥದ್ದು. ನಾನು ಕಂಡ ಮಟ್ಟಿಗೆ ಆ್ಯಪ್ ತಪ್ಪಿತು ಎಂದು ಬರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇಂಥ ಒಂದು ವಸ್ತುವನ್ನು ಬಿಟ್ಟಿರುತ್ತಾರೆ: ಚಹಾದ ಸಕ್ಕರೆ, ಸಾಂಬಾರಿನ ಬೆಲ್ಲ, ಅಡುಗೆ ಮಾಡುವಾಗ ಬಾಯಿಗೆ ಹಾಕಿಕೊಂಡ ಒಂದು ತುಂಡು.

ಎರಡನೆಯದಾಗಿ, ದೋಸೆಯನ್ನು ಎಣಿಸಬೇಡಿ, ಅಕ್ಕಿಯನ್ನು ತೂಗಿ. ನಮ್ಮ ಮನೆಯ ತಿಂಡಿಗಳಿಗೆ ಇದಕ್ಕಿಂತ ನಂಬಿಕೆಯ ದಾರಿ ನನಗೆ ಗೊತ್ತಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯು 2017ರಲ್ಲಿ ಹೊರತಂದ ಭಾರತೀಯ ಆಹಾರಗಳ ಪಟ್ಟಿಯಲ್ಲಿ 528 ಆಹಾರಗಳ ವಿವರವಿದೆ. ಅದರಂತೆ 100 ಗ್ರಾಂ ಬೆಳ್ತಿಗೆ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ನಿಮ್ಮ ಮನೆಯವರು 200 ಗ್ರಾಂ ಅಕ್ಕಿ ನೆನೆಸಿ ಅರೆದು ಹದಿನಾಲ್ಕು ದೋಸೆ ಎರೆದರೆ, ಒಂದು ದೋಸೆಗೆ 11 ಗ್ರಾಂ ಎಂದಾಯಿತು. ನಾಲ್ಕಕ್ಕೆ ಸುಮಾರು 45. ಅದಕ್ಕೆ ಬೆಲ್ಲದ 17 ಸೇರಿಸಿದರೆ 62. ಆ್ಯಪಿಗೆ ನೀವು ಕೊಡಬೇಕಾದದ್ದು ಈ ಲೆಕ್ಕವನ್ನು. ಕೈಯಿಂದ ಗ್ರಾಂ ತುಂಬುವ ಅವಕಾಶ ಸಾಮಾನ್ಯವಾಗಿ ಇರುತ್ತದೆ, ಒಮ್ಮೆ ಉಳಿಸಿಟ್ಟರೆ ಪ್ರತಿ ಸಲ ತೂಗುವ ಶ್ರಮವಿಲ್ಲ. ಪತ್ರೊಡೆ, ಕೊಟ್ಟೆ ಕಡುಬು, ಕೋರಿ ರೊಟ್ಟಿ ಇವೆಲ್ಲವನ್ನೂ ಹೀಗೆಯೇ ಒಂದೊಂದು ಸಲ ಲೆಕ್ಕ ಹಾಕಿ ಇಟ್ಟುಕೊಳ್ಳಿ. ಇಲ್ಲಿ ಪುಣೆಯಲ್ಲಿ ವಿಜಯಪುರ, ಸೊಲ್ಲಾಪುರದ ಕಡೆಯ ಕುಟುಂಬಗಳು ಜೋಳದ ಭಾಕರಿಗೆ ಲೆಕ್ಕವೇ ಬೇಡವೆಂಬಂತೆ ತಿನ್ನುತ್ತಾರೆ, ಬೆಂಗಳೂರಿನ ಕಡೆಯವರು ರಾಗಿಯನ್ನು ಹಾಗೆ ಕಾಣುತ್ತಾರೆ. ಎರಡರಲ್ಲೂ 100 ಗ್ರಾಂ ಹಿಟ್ಟಿಗೆ ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ನಾರು ಹೆಚ್ಚಿರುವುದು ನಿಜ, ಒಳ್ಳೆಯ ಧಾನ್ಯಗಳೆಂಬುದೂ ನಿಜ, ಆದರೆ ಪ್ರಮಾಣವನ್ನು ಮರೆಯುವಂತಿಲ್ಲ.

ಮೂರನೆಯದು ಇಡ್ಲಿಯ ವಿಷಯ. ಆ್ಯಪ್ ಹೇಳಿದ್ದು ಗರಿಷ್ಠ ಮಟ್ಟವನ್ನು, ನೀವು ಅಳೆದದ್ದು ಎರಡು ಗಂಟೆಯ ಮಟ್ಟವನ್ನು. ಇವೆರಡೂ ಬೇರೆ ಬೇರೆ ಅಂಕಿಗಳು. ಎಣ್ಣೆಯಿಲ್ಲದ, ಬೇಗ ಜೀರ್ಣವಾಗುವ ಇಡ್ಲಿಯಂಥ ತಿಂಡಿಗೆ ಸಕ್ಕರೆ ಬಹಳ ಮಂದಿಯಲ್ಲಿ ಒಂದು ಗಂಟೆಯ ಆಸುಪಾಸಿನಲ್ಲಿಯೇ ತುದಿ ಮುಟ್ಟಿ ಇಳಿಯತೊಡಗಿರುತ್ತದೆ. ಒಂದು ಗಂಟೆಗೆ 190 ಇದ್ದು ಎರಡು ಗಂಟೆಗೆ 171 ಆಗಿದ್ದರೆ ಆ್ಯಪ್ ಸರಿಯಾಗಿಯೇ ಹೇಳಿದಂತಾಯಿತು. ಎಣ್ಣೆ, ಕೊಬ್ಬು ಹೆಚ್ಚಿರುವ ಊಟದಲ್ಲಿ ಏರಿಕೆ ತಡವಾಗಿ ಬರುತ್ತದೆ. ಮಿಸಳ್, ವಡಾ ಪಾವ್ ತಿಂದವರು ಇದನ್ನು ನೋಡಿರುತ್ತಾರೆ. ಸಮಯವನ್ನು ಊಟ ಮುಗಿಸಿದ ಗಳಿಗೆಯಿಂದಲ್ಲ, ಮೊದಲ ತುತ್ತಿನಿಂದ ಎಣಿಸಬೇಕು. ಅಮೆರಿಕದ ಮಧುಮೇಹ ಸಂಘದ ಮಾರ್ಗಸೂಚಿಯಲ್ಲಿ ಬಹುಪಾಲು ವಯಸ್ಕರಿಗೆ ಹೇಳಿರುವ 180ರೊಳಗಿನ ಗುರಿಯೂ ಊಟದ ಆರಂಭದಿಂದ ಒಂದೆರಡು ಗಂಟೆಯೊಳಗಿನ ಗರಿಷ್ಠಕ್ಕೆ ಸಂಬಂಧಿಸಿದ್ದು. ನಿಮ್ಮ ಗುರಿ ಎಷ್ಟೆಂಬುದನ್ನು ನಿಮ್ಮ ವೈದ್ಯರೇ ಹೇಳಬೇಕು.

ಕೊನೆಗೆ, ತಿನ್ನುವ ಕ್ರಮ. ನ್ಯೂಯಾರ್ಕಿನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನವರು 2015ರಲ್ಲಿ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದ 11 ಜನರಿಗೆ ಒಂದೇ ಊಟವನ್ನು ಎರಡು ಕ್ರಮದಲ್ಲಿ ಬಡಿಸಿ ನೋಡಿದರು. ತರಕಾರಿ ಮತ್ತು ಪ್ರೋಟೀನ್ ಮೊದಲು, ಬ್ರೆಡ್ ಹಾಗೂ ಹಣ್ಣಿನ ರಸ ಕೊನೆಗೆ ಆದ ದಿನ, ಒಂದು ಗಂಟೆಯ ಸಕ್ಕರೆ ಶೇಕಡಾ 37ರಷ್ಟು ಕಡಿಮೆ ಇತ್ತು. ಹನ್ನೊಂದು ಜನವೆಂದರೆ ಸಣ್ಣ ಗುಂಪು, ಅದರ ಮೇಲೆ ದೊಡ್ಡ ಮಾತು ಆಡುವಂತಿಲ್ಲ. ಆದರೆ ಖರ್ಚಿಲ್ಲದೆ ಮನೆಯಲ್ಲಿಯೇ ಪರೀಕ್ಷಿಸಬಹುದಾದ ಸಂಗತಿ ಇದು. ತಟ್ಟೆಯ ಫೋಟೋ ಮಾತ್ರ ನೋಡುವ ಆ್ಯಪಿಗೆ ನೀವು ಪಲ್ಯವನ್ನು ಮೊದಲು ತಿಂದಿರೋ ಕೊನೆಗೆ ತಿಂದಿರೋ ತಿಳಿಯಲು ದಾರಿಯೇ ಇಲ್ಲ.

ಉತ್ತರ 3 (ವಾಸ್ಕೊ, ಗೋವಾ)

ನಾನು ನಿವೃತ್ತ ಶಿಕ್ಷಕ, ಒಂಬತ್ತು ವರ್ಷಗಳಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿರುವವನು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆಯಲ್ಲಿ ದೇಶದಲ್ಲೇ ಅತಿ ಹೆಚ್ಚು ಮಧುಮೇಹ ಕಂಡುಬಂದದ್ದು ನಮ್ಮ ಗೋವಾದಲ್ಲಿ, ಶೇಕಡಾ 26.4, ಹಾಗಾಗಿ ಇಲ್ಲಿ ಯಾವ ಕಟ್ಟೆಯಲ್ಲಿ ಕುಳಿತರೂ ಈ ಮಾತು ಬಂದೇ ಬರುತ್ತದೆ.

ಮಾತ್ರೆಯ ಬಗ್ಗೆ ಮೊದಲ ಉತ್ತರದಲ್ಲಿ ಹೇಳಿದ್ದು ಸರಿ, ಆದರೆ ಇನ್ನೂ ಬಿಡಿಸಿ ಹೇಳಬೇಕೆನಿಸಿತು. ಗ್ಲಿಮೆಪಿರೈಡ್ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುವ ಮಾತ್ರೆ. ನೀವು ಊಟ ಮಾಡಿದ್ದೀರೋ ಇಲ್ಲವೋ ಎಂದು ಅದು ಕಾಯುವುದಿಲ್ಲ. ಅದನ್ನು ನುಂಗಿ ಬರೀ ಗಂಜಿತಿಳಿ ಕುಡಿದು ಲೋಕಲ್ ಹತ್ತಿದರೆ ಸಕ್ಕರೆ ತೀರಾ ಇಳಿಯುವ ಅಪಾಯವಿದೆ. ತಾವಾಗಿಯೇ ಮಾತ್ರೆ ಬಿಟ್ಟರೆ ಆ ದಿನವೆಲ್ಲ ಅದರ ರಕ್ಷಣೆ ಇಲ್ಲದೆ ಮಧ್ಯಾಹ್ನದ ಊಟದ ಹೊತ್ತಿಗೆ ಏರಬಹುದು. ಕಾಯಿಲೆ ಬಿದ್ದ ದಿನ, ಊಟ ತಪ್ಪಿದ ದಿನ ಏನು ಮಾಡಬೇಕೆಂದು ವೈದ್ಯರನ್ನು ಮೊದಲೇ ಕೇಳಿ ಬರೆಸಿಟ್ಟುಕೊಳ್ಳಿ. ಮೂರು ತಿಂಗಳು ಕಾಯಬೇಡಿ, ಒಂದು ಫೋನ್ ಸಾಕಾಗಬಹುದು. ಜೇಬಿನಲ್ಲಿ ಸದಾ ಗ್ಲುಕೋಸ್ ಪುಡಿ ಇರಲಿ. ನಡುಕ, ಬೆವರು, ಕಣ್ಣು ಮಂಜಾಗುವುದು ಕಂಡು ಅಂಕಿ 70ಕ್ಕಿಂತ ಕೆಳಗಿದ್ದರೆ 15 ಗ್ರಾಂ ಗ್ಲುಕೋಸ್ ತೆಗೆದುಕೊಂಡು, ಹದಿನೈದು ನಿಮಿಷದ ನಂತರ ಮತ್ತೆ ನೋಡಬೇಕು. ಆ ಹೊತ್ತಿನಲ್ಲಿ ಆ್ಯಪಿನ ಗೆರೆ ಏನು ಹೇಳುತ್ತದೆ ಎಂದು ನೋಡುತ್ತ ನಿಲ್ಲಬಾರದು.

ತೋಳಿಗೆ ಅಂಟಿಸುವ ಹದಿನಾಲ್ಕು ದಿನದ ಸೆನ್ಸರನ್ನು ನಾನು ಎರಡು ಸಲ ಬಳಸಿದ್ದೇನೆ. ಅದು ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ಜೀವಕೋಶಗಳ ನಡುವಿನ ದ್ರವವನ್ನು. ಆದ್ದರಿಂದ ಸಕ್ಕರೆ ವೇಗವಾಗಿ ಏರುವಾಗ ಇಳಿಯುವಾಗ ಅದು ಕೆಲವು ನಿಮಿಷ ಹಿಂದೆ ಇರುತ್ತದೆ. ಒಂದು ರಾತ್ರಿ ಎರಡು ಗಂಟೆಗೆ 58 ಎಂದು ಅದು ಕೂಗಿದಾಗ ನಮ್ಮ ಮನೆಯವರು ಗಾಬರಿಯಿಂದ ಸಕ್ಕರೆ ನೀರು ತಂದರು. ಬೆರಳು ಚುಚ್ಚಿದರೆ 118. ಸೆನ್ಸರ್ ಇದ್ದ ತೋಳಿನ ಮೇಲೆಯೇ ಭಾರ ಹಾಕಿ ಮಲಗಿದ್ದೆ. ಒತ್ತಡ ಬಿದ್ದರೆ ಅದು ಕಡಿಮೆ ತೋರಿಸುತ್ತದೆ ಎಂದು ಆಮೇಲೆ ವೈದ್ಯರು ತಿಳಿಸಿದರು. ಹೀಗಿದ್ದರೂ ಆ ಹದಿನಾಲ್ಕು ದಿನ ನನಗೆ ಕಲಿಸಿದ್ದು ಬಹಳ. ಮೀನಿನ ಸಾರು, ಕುಚ್ಚಲಕ್ಕಿ ಅನ್ನದ ಊಟದ ನಂತರ ಮಲಗಿದ ದಿನದ ಗೆರೆಗೂ, ಬಂದರಿನ ದಾರಿಯಲ್ಲಿ ಇಪ್ಪತ್ತು ನಿಮಿಷ ನಡೆದು ಬಂದ ದಿನದ ಗೆರೆಗೂ ಇದ್ದ ಅಂತರವನ್ನು ಕಣ್ಣಾರೆ ನೋಡಿದ ಮೇಲೆ ನಡಿಗೆಯನ್ನು ನಾನು ಒಂದು ದಿನವೂ ತಪ್ಪಿಸಿಲ್ಲ.

ಉತ್ತರ 4 (ಪುಣೆ, ಕೋಥರೂಡ್)

ಒಂದು ಮಾತು ಬಿಟ್ಟುಹೋಗಿತ್ತು. ಚರ್ಮ ಚುಚ್ಚದೆಯೇ ಸಕ್ಕರೆ ಅಳೆಯುತ್ತೇವೆ ಎನ್ನುವ ಕೈಗಡಿಯಾರ, ಉಂಗುರಗಳನ್ನು ಆ್ಯಪಿಗೆ ಜೋಡಿಸಬೇಡಿ. ಅಂಥ ಯಾವ ಸಾಧನಕ್ಕೂ ತಾನು ಅನುಮತಿ ನೀಡಿಲ್ಲವೆಂದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2024ರ ಫೆಬ್ರುವರಿಯಲ್ಲಿ ಎಚ್ಚರಿಸಿದೆ. ಹಾಗೆಯೇ, ನಿಮ್ಮ ಅಳತೆಗಳು, ಮಾತ್ರೆಯ ಹೆಸರು, ತಟ್ಟೆಯ ಫೋಟೋ ಎಲ್ಲವೂ ಆ ಸಂಸ್ಥೆಯ ಬಳಿ ಉಳಿಯುತ್ತವೆ. ಒಪ್ಪಿಗೆಯ ಪುಟವನ್ನು ಓದಿ, ಅವುಗಳನ್ನು ಯಾರೊಂದಿಗೆ ಹಂಚಿಕೊಳ್ಳುತ್ತಾರೆ, ಬೇಡವೆಂದಾಗ ಅಳಿಸುತ್ತಾರೆಯೇ ಎಂದು ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರಿಂದ, ಹನ್ನೆರಡು ದಿನಗಳ ನಂತರ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಕಾಯಿಬೆಲ್ಲವನ್ನು ನಾನು ತುಂಬಿರಲಿಲ್ಲ. ಅದನ್ನು ಪಕ್ಕದ ರುಚಿಯೆಂದು ಭಾವಿಸಿದ್ದೆನೇ ಹೊರತು ಲೆಕ್ಕಕ್ಕೆ ತಂದಿರಲಿಲ್ಲ.

ವೈದ್ಯರಿಗೆ ಮರುದಿನವೇ ಫೋನ್ ಮಾಡಿದೆ. ತಾವಾಗಿ ಮಾತ್ರೆ ಬಿಡಬಾರದೆಂದು ಅವರೂ ಸ್ಪಷ್ಟವಾಗಿ ಹೇಳಿ, ಊಟ ಸೇರದ ದಿನ ಏನು ಮಾಡಬೇಕೆಂಬುದನ್ನು ಬರೆದು ಕಳಿಸಿದ್ದಾರೆ. ಆ ಚೀಟಿಯ ಒಂದು ಪ್ರತಿ ಟಿಫಿನ್ ಚೀಲದಲ್ಲಿದೆ, ಇನ್ನೊಂದು ಫ್ರಿಜ್ಜಿನ ಬಾಗಿಲ ಮೇಲಿದೆ.

ಈ ಹನ್ನೆರಡು ದಿನಗಳಲ್ಲಿ ನೀರುದೋಸೆಯನ್ನು ಮೂರು ಸಲ ಒಂದೇ ಅಳತೆಯಲ್ಲಿ ಮಾಡಿದೆವು. ನಮ್ಮ ಮನೆಯಲ್ಲಿ 200 ಗ್ರಾಂ ಅಕ್ಕಿಗೆ ಹದಿಮೂರು ದೋಸೆ ಆಗುತ್ತವೆ. ಬೆಲ್ಲ ಬಿಟ್ಟು, ಮೂರು ದೋಸೆಗೆ ಮೊದಲು ಒಂದು ಬಟ್ಟಲು ಹೆಸರುಕಾಳಿನ ಉಸಳಿ ತಿಂದು, ಮೊದಲ ತುತ್ತಿನಿಂದ ಒಂದು ಗಂಟೆಗೆ ಮತ್ತು ಎರಡು ಗಂಟೆಗೆ ಅಳೆದೆ. ಒಂದು ಗಂಟೆಯ ಅಂಕಿಗಳು 176, 163, 181. ಆ್ಯಪ್ ಹೇಳಿದ್ದು 158, 166, 170. ಊಟವೂ ಒಂದೇ, ಮನುಷ್ಯನೂ ಒಬ್ಬನೇ, ಆದರೂ 163 ಮತ್ತು 181. ಆ 181ರ ಹಿಂದಿನ ರಾತ್ರಿ ಹಳಿಯ ಮೇಲೆ ನೀರು ನಿಂತು ಕುರ್ಲಾದಲ್ಲಿ ಎರಡು ಗಂಟೆ ಸಿಕ್ಕಿಹಾಕಿಕೊಂಡು, ನಾಲ್ಕೇ ಗಂಟೆ ನಿದ್ದೆ ಮಾಡಿದ್ದೆ. ಅದೇ ಕಾರಣವೆಂದು ಖಚಿತವಾಗಿ ಹೇಳಲಾರೆನಾದರೂ ಡೈರಿಯಲ್ಲಿ ಬರೆದುಕೊಂಡಿದ್ದೇನೆ. ಈಗ ಅಂಕಿಗಿಂತ ಹೆಚ್ಚಾಗಿ ಎರಡು ಊಟಗಳ ಗೆರೆಗಳನ್ನು ಅಕ್ಕಪಕ್ಕ ಇಟ್ಟು ನೋಡುವುದಕ್ಕೆ ಆ್ಯಪನ್ನು ಬಳಸುತ್ತಿದ್ದೇನೆ.

ಪುಣೆಯ ಸಹೋದರಿಯವರಲ್ಲಿ ಇನ್ನೊಂದು ವಿಚಾರಣೆ. ನಾವು ತಿಂಗಳಿಗೊಮ್ಮೆ ಸಂಕಷ್ಟಿಯ ಉಪವಾಸ ಮಾಡುತ್ತೇವೆ. ಹಗಲೆಲ್ಲ ಸಾಬುದಾಣೆ ಖಿಚಡಿ, ಚಂದ್ರೋದಯದ ನಂತರ ಊಟ. ಇದನ್ನು ಆ್ಯಪಿನಲ್ಲಿ ಹೇಗೆ ತುಂಬಬೇಕು?

ಉತ್ತರ 5 (ಪುಣೆ, ಆಹಾರ ಸಲಹೆಗಾರ್ತಿ)

ಆ್ಯಪಿಗೆ ತುಂಬುವ ಮೊದಲು ನಿಮ್ಮ ವೈದ್ಯರಿಗೆ ತಿಳಿಸಿ, ಏಕೆಂದರೆ ಗ್ಲಿಮೆಪಿರೈಡ್ ತೆಗೆದುಕೊಂಡು ಚಂದ್ರೋದಯದವರೆಗೆ ಊಟವಿಲ್ಲದೆ ಇರುವುದು ಅವರು ತೀರ್ಮಾನಿಸಬೇಕಾದ ವಿಷಯ. ಸಾಬುದಾಣೆ ಮರಗೆಣಸಿನ ಪಿಷ್ಟ; ಅದರಲ್ಲಿ ನಾರಾಗಲಿ ಪ್ರೋಟೀನಾಗಲಿ ಇಲ್ಲವೆನ್ನುವಷ್ಟು ಕಡಿಮೆ. ಅವರು ಉಪವಾಸಕ್ಕೆ ಒಪ್ಪಿದರೆ, ಒಣ ಸಾಬುದಾಣೆಯನ್ನು ನೆನೆಸುವ ಮುನ್ನವೇ ತೂಗಿ, ಪ್ರಮಾಣವನ್ನು ಅರ್ಧಕ್ಕೆ ಇಳಿಸಿ, ಶೇಂಗಾ ಹೆಚ್ಚಿಸಿ, ಪಕ್ಕದಲ್ಲಿ ಒಂದು ಬಟ್ಟಲು ಮೊಸರು ಇಟ್ಟುಕೊಳ್ಳಿ. ಆ ದಿನ ಮಧ್ಯಾಹ್ನ ಮತ್ತು ಸಂಜೆ ತಪ್ಪದೆ ಬೆರಳು ಚುಚ್ಚಿ ನೋಡಿ, ಅಂಕಿ 70ರ ಕೆಳಗೆ ಬಂದರೆ ಚಂದ್ರನಿಗೆ ಕಾಯದೆ ಉಪವಾಸ ಬಿಡಿ.